ಹನ್ನೆರಡು ವೋಲ್ಟಿನ ಸಾಲು

ಡಬ್ಬದ ನೆತ್ತಿಯ ಮೇಲೆ ದಪ್ಪಕ್ಷರ: ಆರುನೂರು ವಾಟ್.
ನಾನೂ ಅದನ್ನೇ ತೋರಿಸಿ ಹೇಳಿದ್ದೆ,
"ಧಾರಾಳ ಸಾಕಮ್ಮಾ, ಇವತ್ತೇ ಕೂರಿಸಿಕೊಡುತ್ತೇನೆ."
ರುಸ್ತಾವಿಯಲ್ಲಿ ನವೆಂಬರ್. ಉಕ್ಕಿನ ಕಾರ್ಖಾನೆಯ ಹೊಗೆ
ಅಂಗಡಿಯ ಗಾಜಿಗೆ ಮೂಗೊತ್ತಿ ನಿಂತಿತ್ತು.
ಮೊಮ್ಮಗ ಜಾಬಾ ಆಗಲೇ ಕಾರ್ಡನ್ನು
ಹಸುಗೂಸಿನಂತೆ ಎತ್ತಿಕೊಂಡಿದ್ದ.
ಯಾವುದೋ ಶೆಡ್ಡಿನಲ್ಲಿ ಎರಡು ವರ್ಷ ಕಣ್ಣು ಮಿಟುಕಿಸದೆ
ನಾಣ್ಯ ಅಗೆದು ದಣಿದ ಕಾರ್ಡು ಅದು,
ಅರ್ಧ ಬೆಲೆ.

ಲಮಾರಾ ಕೈಚೀಲದಿಂದ ಭೂತಗನ್ನಡಿ ತೆಗೆದಳು.
ದಪ್ಪಕ್ಷರಕ್ಕೆ ಬೆರಳಿಟ್ಟು, "ಇದು ಹೆಸರು," ಎಂದಳು.
ಡಬ್ಬ ಮಗುಚಿ, ಪಕ್ಕೆಗೆ ಅಂಟಿದ ಬೂದು ಚೀಟಿ ಹುಡುಕಿ,
"ನಡತೆ ಇಲ್ಲಿದೆ."

ಹನ್ನೆರಡು ವೋಲ್ಟಿನ ಸಾಲಿನಲ್ಲಿ ಮೂವತ್ತೆರಡು ಆಂಪಿಯರ್.
ಹನ್ನೆರಡು ಮೂವತ್ತೆರಡ್ಲಿ—
ಬಾಯಲ್ಲೇ ಗುಣಿಸಿದಳು—ಮುನ್ನೂರ ಎಂಬತ್ತನಾಲ್ಕು.
ಉಳಿದದ್ದು ಐದು ವೋಲ್ಟಿಗೆ, ಮೂರು ಚಿಲ್ಲರೆಗೆ:
ಹಳೇ ಕಾಲದ ನೆಂಟರಿಗೆಂದು ಎತ್ತಿಟ್ಟ ಅನ್ನ,
ಈಗ ಉಣ್ಣುವವರಿಲ್ಲ.

ನನ್ನದೇ ರಸೀದಿಯ ಬೆನ್ನಿಗೆ ಬರೆದಳು:
ಕಾರ್ಡಿಗೆ ಇನ್ನೂರ ಐವತ್ತು. ಪ್ರೊಸೆಸರಿಗೆ ನೂರಾ ಐದು.
ಫ್ಯಾನು, ಡಿಸ್ಕು, ಆ ಬಣ್ಣದ ದೀಪಗಳ ಡೌಲು, ಮೂವತ್ತು.
ಒಟ್ಟು ಮುನ್ನೂರ ಎಂಬತ್ತೈದು.

"ಒಂದೇ ಒಂದು ವಾಟ್ ಅಜ್ಜಿ!"
"ಅದು ಸರಾಸರಿ, ಮಗೂ.
ಫುಟ್‌ಬಾಲಿನ ಅರ್ಧವಿರಾಮಕ್ಕೆ ಊರಿಗೆ ಊರೇ ಎದ್ದು
ಟೀಗೆ ನೀರಿಡುತ್ತದಲ್ಲ, ಆಗ ಯಾವ ಸರಾಸರಿ?
ಸತ್ತರೆ ಅಲ್ಲಿ ಸಾಯುತ್ತದೆ, ಆ ಮೂರು ನಿಮಿಷದಲ್ಲಿ."

ಎಲ್ಲಿ ಕಲಿತಿರಿ ಎಂದೆ, ಸುಮ್ಮನೆ, ವ್ಯಾಪಾರದ ನಗೆಯಲ್ಲಿ.
ಸಬ್‌ಸ್ಟೇಷನ್ನಿನಲ್ಲಿ, ಎಂದಳು, ರಾತ್ರಿ ಪಾಳಿ.
ತೊಂಬತ್ತಮೂರರ ಚಳಿಗಾಲ.
ಹದಿನಾಲ್ಕು ಸಾಲು ಬಾಯಿ ತೆರೆದು ನಿಂತಿದ್ದವು,
ಬರುತ್ತಿದ್ದದ್ದು ಐದಕ್ಕೆ.
"ಏಳನೆಯದನ್ನು ಮೊದಲು ಇಳಿಸುತ್ತಿದ್ದೆ.
ಕೊಳವೆ ಕೆಲಸಗಾರರ ಬೀದಿ."

ನನ್ನ ಕೈಯಲ್ಲಿದ್ದ ತಿರುಪುಳಿ ಅಲ್ಲೇ ನಿಂತಿತು.

ಸಂಜೆ ಏಳೂವರೆ. ಟಿ.ವಿ. ಪರದೆ ಕುಗ್ಗಿ ಕುಗ್ಗಿ
ಒಂದು ಬಿಳಿ ಚುಕ್ಕಿ, ಆಮೇಲೆ ಅದೂ ಇಲ್ಲ.
ಭಾಗಾಕಾರದ ಲೆಕ್ಕ ಶೇಷದ ಹತ್ತಿರ ಬಂದು ನಿಂತಿರುತ್ತಿತ್ತು.
ಸೀಮೆಎಣ್ಣೆ ಒಲೆಯ ಸುತ್ತ ನಾವು ನಾಲ್ವರು,
ಅಕ್ಕ ತ್ಸಿರಾಳ ಕೆಮ್ಮು,
ಯಾರನ್ನು ಬೈಯಬೇಕೆಂದು ತಿಳಿಯದೆ
ಬಲ್ಬನ್ನೇ ಬೈಯುತ್ತಿದ್ದ ಅಪ್ಪ.

"ನಮ್ಮ ಬೀದಿಯೇ ಯಾಕೆ?" ಎಂದೆ.
ನಲವತ್ತು ದಾಟಿದವನ ಗಂಟಲಿಂದ
ಒಂಬತ್ತರ ಹುಡುಗ ಕೇಳಿದ.

ಅವಳು ಭೂತಗನ್ನಡಿ ಮಡಚಿದಳು.
"ಬೇಕರಿ ಆರನೆಯದರಲ್ಲಿತ್ತು.
ಹೆರಿಗೆ ಆಸ್ಪತ್ರೆ ಒಂಬತ್ತರಲ್ಲಿ.
ಏಳರಲ್ಲಿ ಬರೀ ಜನ ಇದ್ದರು."

ತನ್ನ ಮನೆಯೂ ಅಲ್ಲೇ ಇತ್ತೆನ್ನುತ್ತಾಳೆ ಎಂದು ಕಾದೆ.
ಹೇಳಲಿಲ್ಲ.

ಅಟ್ಟದಿಂದ ಏಳುನೂರ ಐವತ್ತರದ್ದು ಇಳಿಸಿದೆ.
ಅದರ ಚೀಟಿಯನ್ನೂ ಓದಿದಳು,
ಕುಂಬಳಕಾಯಿ ಕೊಳ್ಳುವವಳಂತೆ ಅಂಗೈಯಲ್ಲಿ ತೂಗಿದಳು.
ನಾನು ಬೆಲೆ ಇಳಿಸಲಿಲ್ಲ. ಅವಳು ಕೇಳಲಿಲ್ಲ.
ಲಾರಿ ನೋಟುಗಳು ಒಂದೊಂದಾಗಿ ಮೇಜಿಗೆ ಬಂದವು,
ಅಂಚಿಗೆ ಅಂಚು ಕೂಡಿಸಿ.

ಗುಂಡಿ ಒತ್ತಿದೆ. ಪರದೆ ಬೆಳಗಿತು.
ಕಾರ್ಡಿನ ಫ್ಯಾನು ಒಂದು ಸುತ್ತು ಸುತ್ತಿ ನಿಂತುಬಿಟ್ಟಿತು.
ಜಾಬಾನ ಮುಖ ಸುಣ್ಣ.
"ಕೆಲಸ ಕೊಟ್ಟಿಲ್ಲವಲ್ಲ," ಎಂದಳು ಅಜ್ಜಿ,
"ಬೆವರಲು ಏನಿದೆ?"

ಅವರು ಹೋದ ಮೇಲೆ
ಹಳೆಯ ಡಬ್ಬ ನನ್ನ ಬಳಿಯೇ ಉಳಿಯಿತು.
ನಾಳೆ ಯಾರಿಗಾದರೂ ಮಾರಬಹುದು, ಕೆಟ್ಟದ್ದೇನಲ್ಲ.
ಮಾರ್ಕರಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ತೆಗೆದು
ಆರುನೂರರ ಕೆಳಗೆ,
ಅಷ್ಟೇ ದಪ್ಪಕ್ಷರದಲ್ಲಿ, ಬರೆದಿಟ್ಟೆ:
೩೮೪.