ಕೆಂಪಿನ ಮರೆವು

ಕೌಹವದಲ್ಲಿ ಜನವರಿಯ ಬೆಳಕು ಕೈಗಡದ ದುಡ್ಡಿನ ಹಾಗೆ:
ಬಂತು ಅನ್ನುವಷ್ಟರಲ್ಲಿ ಇಲ್ಲ.
ಚಾಕು ಮಾಡುವವರಿಗೆ ಅದೇ ಸುಗ್ಗಿ.
ಕಾದ ಉಕ್ಕಿನ ಬಣ್ಣ ಓದಲು ಕತ್ತಲೆ ಬೇಕು.

ಎನ್ಸಿಯೊ ಮಾತ್ರ ಬಣ್ಣವನ್ನು ನಂಬುತ್ತಿರಲಿಲ್ಲ.
"ಕಣ್ಣಿಗೆ ನಿದ್ದೆಗೇಡು ಅಂಟಿರುತ್ತದೆ, ತುಯ್ಯಾ,
ವಯಸ್ಸು ಅಂಟಿರುತ್ತದೆ. ಇದನ್ನು ಕೇಳು."
ತೊಲೆಯಿಂದ ದಾರದಲ್ಲಿ ಇಳಿಬಿಟ್ಟಿದ್ದ
ಲಾಳದಂಥ ಅಯಸ್ಕಾಂತ,
ಹಿಡಿಕೆ ತಿರುವಿ ಮಾತಾಡುವ ಕಾಲದ
ಟೆಲಿಫೋನಿನ ಹೊಟ್ಟೆಯಿಂದ ಕಿತ್ತದ್ದು.
ಅವನ ತಾಯಿ ಊರಿನ ಸಾವುಗಳನ್ನೆಲ್ಲ
ಆ ಯಂತ್ರದಲ್ಲೇ ಎಲ್ಲರಿಗಿಂತ ಮೊದಲು ಕೇಳಿದವಳು.

ಕಾದ ಅಲಗನ್ನು ಅದರೆದುರು ಹಿಡಿ.
ವಾಲಿತೇ? ಇನ್ನೂ ಆಗಿಲ್ಲ. ಬೆಂಕಿಗೆ ಹಾಕು.
ಮತ್ತೆ ಹಿಡಿ. ಮತ್ತೆ ವಾಲಿತು,
ಹಾದಿಯಲ್ಲಿ ನಿಲ್ಲಿಸಿ ಮಾತಾಡಿಸುವ ನೆಂಟನ ಹಾಗೆ.
ಬೆಂಕಿಗೆ ಹಾಕು.
ಆಮೇಲೊಂದು ಗಳಿಗೆ:
ದಾರ ನೆಟ್ಟಗೆ, ಅಲಗು ಯಾರೋ, ಅಯಸ್ಕಾಂತ ಯಾರೋ.
ಮೂರು ಉಸಿರು ಹೆಚ್ಚಿಗೆ ಕಾಯಿಸಿ
ಎಣ್ಣೆಯಲ್ಲಿ ಅದ್ದು.
ಹದ ಅಂದರೆ ಇಷ್ಟೇ ಅಂದ. ಹದಿನೇಳು ಅಲಗು ಕೆಡಿಸಿದೆ.

ಯಾಕೆ ಹಾಗೆ ಅಂತ ಕೇಳಿದ್ದಕ್ಕೆ
ಇಕ್ಕಳ ಕೆಳಗಿಟ್ಟು ಬಹಳ ಹೊತ್ತು ಸುಮ್ಮನಿದ್ದ.
"ಇಗರ್ಜಿಯ ಬೆಂಚಿನಲ್ಲಿ ನಮ್ಮ ಜನರನ್ನು ನೋಡಿದ್ದೀಯಲ್ಲ,
ಕತ್ತು ಎತ್ತ ತಿರುಗಿದೆ?"
"ಪಾದ್ರಿಯ ಕಡೆಗೆ."
"ಅದೇ ಜನ ಶನಿವಾರ ಸೌನಾದಲ್ಲಿ?"
ನನಗೆ ನಗು ಬಂತು.
ಒಬ್ಬನ ಬೆನ್ನು ಒಲೆಗೆ, ಒಬ್ಬನ ಮುಖ ಗೋಡೆಗೆ,
ಒಬ್ಬ ಅಂಗಾತ, ಇನ್ನೊಬ್ಬ ಆಗಲೇ ಹಿಮದಲ್ಲಿ.
"ಕಬ್ಬಿಣದ ಒಳಗಿನ ಕಣಗಳೂ ಹಾಗೇ.
ಬಿಸಿ ಏರಿದಷ್ಟೂ ಸಾಲು ಸಡಿಲ.
ಏಳುನೂರ ಎಪ್ಪತ್ತು ಡಿಗ್ರಿಗೆ ಪಾದ್ರಿ ಯಾರೋ ಯಾರಿಗೂ ಗೊತ್ತಿಲ್ಲ."

ಫೆಬ್ರವರಿಯ ಒಂದು ರಾತ್ರಿ ದಾರವನ್ನು
ಒಂದು ಗೇಣು ಕೆಳಗೆ ಕಟ್ಟಿ ಹೋದವಳು ನಾನು.
ಬೆಳಿಗ್ಗೆ ಲಾಳ ಬೂದಿಯಲ್ಲಿತ್ತು.
ಆಕಾರ ಹಾಗೇ, ತೂಕ ಹಾಗೇ.
ಮೊಳೆಯ ಹತ್ತಿರ ಒಯ್ದೆ, ಮೊಳೆ ಕದಲಲಿಲ್ಲ.
ಆಚೆ ಬದಿಯಲ್ಲಿ ಯಾರೂ ಎತ್ತದ ಫೋನು.

ಬೈಗುಳಕ್ಕೆ ಕಾದೆ. ಈ ಸೀಮೆಯಲ್ಲಿ ಬೈಯುವುದೂ ದುಂದು.
ಒಂದು ಸವೆದ ಅರ ತೆಗೆದು ಕೆಂಪಗೆ ಕಾಯಿಸಿ
ಚಪ್ಪಡಿ ಕಲ್ಲಿನ ಮೇಲೆ ನಿಲ್ಲಿಸಿದ,
ನೆಲಕ್ಕೆ ಗೂಟ ಹೊಡೆಯುವವನಂತೆ, ತುಸುವೇ ವಾಲಿಸಿ.
"ಉತ್ತರ ಆ ಕಡೆ ಅಲ್ಲವೇ, ಔಲುವಿನ ದಾರಿ?"
"ಅದು ನಕ್ಷೆಯ ಉತ್ತರ. ಕಬ್ಬಿಣದ ಉತ್ತರ
ನಮ್ಮೂರಲ್ಲಿ ನಿನ್ನ ಬೂಟಿನ ಕೆಳಗಿದೆ."
ಆರುವ ತನಕ ತಲೆಗೆ ಬಡಿದ,
ಸಣ್ಣ ಸಣ್ಣ ಪೆಟ್ಟು,
ಮಲಗಿದವರನ್ನು ತಟ್ಟಿ ಎಬ್ಬಿಸುವ ಹಾಗೆ.
ಕೆಂಪು ಹೋಯಿತು. ಕಂದು ಹೋಯಿತು.
ಬಡಿಯುತ್ತಲೇ ಇದ್ದ.

ಬಡವ ಅಯಸ್ಕಾಂತ. ಮೊಳೆ ಎತ್ತಲಾರದು,
ಅರದ ಪುಡಿ ಅಂಟಿದರೆ ಹೆಚ್ಚು.
ದಾರಕ್ಕೆ ಕಟ್ಟಿ ಹೊಸ ಅಲಗು ತೋರಿಸಿದೆವು:
ನಾಚಿದ ಹಾಗೆ ಅರ್ಧ ಬೆರಳು ತಿರುಗಿತು.
ಸಾಕಲ್ಲ, ಅಂದ.

ಸಂಜೆ ಅದನ್ನು ಹೊರಗೆ ಒಯ್ದ.
ಸೊನ್ನೆಗಿಂತ ಮೂವತ್ತೊಂದು ಕೆಳಗೆ,
ಉಸಿರು ಮೀಸೆಯಲ್ಲೇ ಗಟ್ಟಿ.
ಚಳಿಯಲ್ಲಿ ಸಾಲು ಬಿಗಿಯುತ್ತದೆ,
ಅಯಸ್ಕಾಂತಕ್ಕೆ ಒಂದು ಗುಂಜಿ ಬಲ ಕೂಡುತ್ತದೆ,
ಅದು ಅವನ ಅಪ್ಪನ ಲೆಕ್ಕ.
ತೆಳ್ಳಗಿನ ಕಬ್ಬಿಣದ ಚೂರುಗಳ ಮೇಲೆ ಹಿಡಿದು ಎತ್ತಿದ.
ಒಳಗೆ ಹನ್ನೊಂದು ಬಂದಿದ್ದವು.
"ಎಣಿಸು, ನನ್ನ ಕನ್ನಡಕ ಮಂಜಾಗಿದೆ."

ಎಣಿಸಿದೆ. ಎರಡು ಸಲ.
ಕೈಗವಸು ತೆಗೆದು ಇನ್ನೊಂದು ಸಲ.
"ಹನ್ನೆರಡು," ಅಂದೆ.