ಕಂಕುಳಲ್ಲಿ ಫೋನು

ಮೈನಸ್ ಮೂವತ್ತೊಂದರಲ್ಲಿ ಫೋನು ಸಾಯುತ್ತದೆ.
ಅದಕ್ಕೇ ಕಂಕುಳಲ್ಲಿಟ್ಟುಕೊಂಡು ನಡೆಯುತ್ತೇನೆ
ಥರ್ಮಾಮೀಟರಿನಂತೆ, ಮೂರು ಅಂಗಿಗಳ ಒಳಗೆ.
ಉಲಾನ್‌ಬಾತರಿನ ಗುಡ್ಡದ ಮೇಲೆ, ನಮ್ಮ ಬೀದಿಯಲ್ಲಿ,
ಎದುರು ಬಂದವರ ಮುಖ ಕಾಣುವ ಮೊದಲೇ
ಕೆಮ್ಮು ಕೇಳಿ ಇಂಥವರೆಂದು ಹೇಳಬಲ್ಲೆ.

ಶಿಶುವಿಹಾರದ ಬಾಗಿಲಲ್ಲಿ ನಿಂತು ಹೊರತೆಗೆಯುತ್ತೇನೆ:
ನಾನೂರ ಹನ್ನೆರಡು. ನೇರಳೆ ದಾಟಿ ಕಂದು.
ಅಪ್ಪ ಅಮ್ಮಂದಿರ ಗುಂಪಿಗೆ ಅದನ್ನೇ ಕಳಿಸುತ್ತೇನೆ.
ಇಂದು ಆಟ ಒಳಗೇ.

ನನ್ನ ಮಕ್ಕಳು ಬಣ್ಣ ಕಲಿತದ್ದು ಈ ಆ್ಯಪಿನಿಂದ.
ಹಸಿರೆಂದರೆ ಅಜ್ಜಿಯ ಕಡೆ, ಬೇಸಿಗೆ ರಜೆ, ಕುದುರೆ.
ಹಳದಿಗೆ ಜಾರುಬಂಡೆ.
ನೇರಳೆ ತೋರಿಸಿದರೆ ದ್ರಾಕ್ಷಿ ಅನ್ನುವುದಿಲ್ಲ,
"ಕಿಟಕಿ ಮುಚ್ಚೋದು" ಅನ್ನುತ್ತಾರೆ, ಎಲ್ಲರೂ ಒಂದೇ ರಾಗದಲ್ಲಿ.
ಸೊಲೊಂಗೊ ಮಾತ್ರ ಕಂದು ಕ್ರೇಯಾನಿನಲ್ಲಿ ಆಕಾಶ ತುಂಬಿ
ನಡುವೆ ಉಗುರಿಂದ ಕೆರೆದು ಸೂರ್ಯನನ್ನು ತೆಗೆಯುತ್ತಾಳೆ.
ಅವಳ ಹೆಸರಿಗೆ ಕಾಮನಬಿಲ್ಲು ಎಂದರ್ಥ.
ನಾಲ್ಕು ದಿನದಿಂದ ಬಂದಿಲ್ಲ.

ಅವಳಪ್ಪ ಬಟ್ಸೂರಿ ಗುಂಪಿನಲ್ಲಿ ಬರೆದ:
"ಟೀಚರ್, ದಿನಾ ಅಂಕಿ ಕಳಿಸ್ತೀರಿ.
ನಿಮ್ಮ ಅಂಕಿಯ ಮೇಲೆ ಚಹಾ ಕಾಯುತ್ತಾ?"

ಏನು ಹೇಳಲಿ. ನನ್ನ ಗುಡಾರದ ಒಲೆಗೂ ಹೊಟ್ಟೆಯಿದೆ.
ನಡುರಾತ್ರಿ ಎದ್ದು ಕಲ್ಲಿದ್ದಲ ಉಂಡೆ ಹಾಕದಿದ್ದರೆ
ಬೆಳಿಗ್ಗೆ ಬಕೆಟ್ಟಿನ ನೀರು ಕಲ್ಲು.
ಅಂದೂ ಹಾಕಿದೆ. ಹಾಕಿ ಫೋನು ನೋಡುತ್ತ ಕೂತೆ.
ಮುನ್ನೂರ ತೊಂಬತ್ತು. ನಾನೂರೈದು. ನಾನೂರಿಪ್ಪತ್ತು.
ಗುಡ್ಡದ ತುಂಬ ಎಲ್ಲರೂ ಎದ್ದಿದ್ದಾರೆ
ತಂತಮ್ಮ ಮಕ್ಕಳ ಕಾಲು ಬೆಚ್ಚಗಿರಲೆಂದು.
ಇದರಲ್ಲಿ ನನ್ನ ಪಾಲೆಷ್ಟು? ಬೆರಳಿಟ್ಟು ಒತ್ತಿದೆ.
ಆ್ಯಪು ಹೇಳಿತು: ಹೊರಗೆ ಹೋಗಬೇಡಿ.

ಮರುದಿನ ಅಂಕಿ ಕಳಿಸಲಿಲ್ಲ,
ಹಾಜರಿ ಪುಸ್ತಕದ ಪುಟ ಕಳಿಸಿದೆ.
ಇಪ್ಪತ್ತಮೂರು ಹೆಸರು, ಒಂಬತ್ತರ ಮುಂದೆ ಗೀಟು.
ಗುಂಪು ಸಂಜೆತನಕ ಸುಮ್ಮನಿತ್ತು.

ಕತ್ತಲಾದ ಮೇಲೆ ಬಟ್ಸೂರಿಯೇ ಬಂದ.
ಶಾಖದ ಸ್ಥಾವರದಲ್ಲಿ ಬಾಯ್ಲರ್ ಕಾಯುವವನು;
ಕೈಗವಸು ತೆಗೆಯದೆ ನನ್ನ ಒಲೆಯ ಮುಂದೆ ಮಂಡಿಯೂರಿದ.
"ಎಲ್ಲರೂ ಅಡಿಯಿಂದ ಹೊತ್ತಿಸ್ತೀರಿ. ತಪ್ಪು.
ಉಂಡೆ ಕೆಳಗೆ, ಸೌದೆ ಮೇಲೆ, ಕಡ್ಡಿ ಗೀರೋದು ನೆತ್ತಿಗೆ.
ಆಗ ಬೆಂಕಿ ತನ್ನ ಹೊಗೆಯನ್ನ ತಾನೇ ತಿನ್ನುತ್ತೆ."
ಫೋನಿನಲ್ಲಿ ಅವನ ಕೈಗಳನ್ನಷ್ಟೇ ಚಿತ್ರೀಕರಿಸಿದೆ.
ಮುಖ ಬೇಡ ಎಂದಿದ್ದ.

ಹನ್ನೊಂದು ಮನೆಯವರು ಮಾಡಿ ನೋಡಿದರಂತೆ.
ಒಬ್ಬಳಿಗೆ ಹೊತ್ತಿಕೊಳ್ಳಲೇ ಇಲ್ಲ, ಶಪಿಸಿದಳು.

ಈಗ ಚಳಿಗಾಲದ ಮೂರನೆಯ ಒಂಬತ್ತು ದಿನ,
ಮೂರು ವರ್ಷದ ಹೋರಿಯ ಕೊಂಬು ಸೆಟೆದು ಉದುರುವ ಕಾಲ.
ಅಮ್ಮ ಹೇಳಿಕೊಟ್ಟಂತೆ ಉಪ್ಪು ಚಹಾದ ಮೊದಲ ಸೌಟು
ಹೊರಗೆ ಬಂದು ಆಕಾಶಕ್ಕೆ ಎರಚುತ್ತೇನೆ,
ಎಲ್ಲಿದೆಯೋ ಆ ಆಕಾಶ, ಅಂದಾಜಿನಲ್ಲಿ.
ಆಮೇಲೆ ಅಂಕಿ: ಮುನ್ನೂರ ತೊಂಬತ್ತೆಂಟು.
ಹದಿನಾಲ್ಕು ಇಳಿದಿದೆ.
ಉತ್ತರದ ಗಾಳಿ ಬೀಸಿದ್ದಕ್ಕೂ ಇರಬಹುದು.
ಆ್ಯಪಿಗೆ ಗೊತ್ತಿಲ್ಲ, ನನಗೂ.

ಸೊಲೊಂಗೊ ಬಂದಿದ್ದಾಳೆ, ಕಿವಿಯವರೆಗೆ ಮಫ್ಲರು.
"ಇವತ್ತು ಯಾವ ಬಣ್ಣ?" ಎಂದು ಕೈ ಚಾಚುತ್ತಾಳೆ.
ಕಂಕುಳಿನಿಂದ ತೆಗೆದು ಕೊಟ್ಟೆ.
ಅವಳು ಪರದೆ ನೋಡಲಿಲ್ಲ. ಎರಡೂ ಅಂಗೈಯಲ್ಲಿ ಹಿಡಿದು,
ಕೆನ್ನೆಗೊತ್ತಿಕೊಂಡು, ಪಿಸುಗುಟ್ಟಿದಳು:
"ಟೀಚರ್, ಇದಕ್ಕೂ ಜ್ವರ ಬಂದಿದೆಯಾ?"