ಐದನೆಯ ಪ್ರತಿ

ಮೂರನೆಯ ಸಂಪುಟ, ಎಡಗಡೆಯ ಪುಟ,
ಕೆಳಗಿನಿಂದ ನಾಲ್ಕೈದು ಸಾಲು ಮೇಲೆ.
ಆಣೆ ಇಟ್ಟು ಹೇಳಬಲ್ಲೆ.
ಮೂರರಲ್ಲಿ ಇಲ್ಲ.
ನಾಲ್ಕರಲ್ಲಿ ನೋಡಿದೆ, ಎರಡರಲ್ಲಿ,
ಕೊನೆಗೆ ನಾಚಿಕೆ ಬಿಟ್ಟು
ಯಾರೂ ಮುಗಿಸದ ಆ ದಪ್ಪ ಏಳರಲ್ಲೂ.

ನೆನಪಿರುವುದು ಇಷ್ಟೇ:
ಬೂದಿಬಣ್ಣದ ಹೊಳೆ. ಓರ್ಸಾ ಎಂಬ ಹುಡುಗಿ,
ಅಂಗಿಯೊಳಗೆ ಇನ್ನೂ ಕಣ್ಣು ಬಿಡದ ನರಿಮರಿ.
ಹಗ್ಗ ಒದ್ದೆ. ಅಂಬಿಗ ಬಾಡಿಗೆ ಕೇಳುತ್ತಾನೆ,
ಅವಳ ಹತ್ತಿರ ಕವಡೆ ಕಾಸೂ ಇಲ್ಲ.
ಆಗ ಅವನೊಂದು ಮಾತು ಹೇಳುತ್ತಾನೆ,
'ಆಚೆ ದಡಕ್ಕೆ' ಎಂದು ಶುರುವಾಗುವ ಮಾತು,
ಹೇಳುತ್ತಲೇ ಬ್ರೆಡ್ಡು ಮುರಿದು ಅರ್ಧ ಕೊಡುತ್ತಾನೆ.
ಶಾಜೀರಿಗೆ ಹಾಕಿದ ಕಪ್ಪು ಬ್ರೆಡ್ಡು.
ಅದನ್ನು ಓದಿದ ರಾತ್ರಿಯೇ, ಒಂಬತ್ತು ವರ್ಷದವನು,
ನಾನಾಗಿ ಎದ್ದು ದೀಪ ಆರಿಸಿದ್ದೆ.

ಮಗಳು ಔಸ್ತೆಯಾ ಏಳನ್ನೂ ಓದಿದ್ದಾಳೆ, ಎರಡು ಸಲ.
'ಅಂಬಿಗನೇ ಇಲ್ಲಪ್ಪ,' ಅಂದಳು ತಲೆ ಎತ್ತದೆ.
'ಅಲ್ಲಿರೋದು ಸೇತುವೆ.'

ಗ್ರಂಥಾಲಯದ ಸ್ಕಿರ್ಮಂತೆ ನನ್ನ ಮಾತು ಪೂರ್ತಿ ಕೇಳಿಸಿಕೊಂಡು
ಕನ್ನಡಕವನ್ನು ಸ್ವೆಟರಿಗೆ ಒರೆಸಿ ಹೇಳಿದಳು:
ಆ ಲೋಕದಲ್ಲಿ ಧಾನ್ಯ ಬೆಳೆಯುವುದೇ ಇಲ್ಲ ಸ್ವಾಮಿ,
ಎಲ್ಲರೂ ಗೆಡ್ಡೆ ತಿನ್ನುತ್ತಾರೆ, ಒಣಮೀನು.
ಬ್ರೆಡ್ಡು ಎಲ್ಲಿಂದ ತಂದಿರಿ?

ಎಲ್ಲಿಂದ ತಂದೆ?
ಕೌನಸ್ಸಿನ ಚಳಿಗಾಲ ಹತ್ತಿ ಇಳಿದು
ಮನೆಗೆ ಬರುವಷ್ಟರಲ್ಲಿ ಹೊಳೆಯಿತು:
ನಾನು ಓದಿದ್ದು ಪುಸ್ತಕವನ್ನೇ ಅಲ್ಲ.

ಪೀಠೋಪಕರಣ ಕಾರ್ಖಾನೆಯ ಕಚೇರಿಯಲ್ಲಿ ಅಮ್ಮ ಟೈಪಿಸ್ಟು.
ಹಗಲು ಕುರ್ಚಿಗಳ ಲೆಕ್ಕ. ರಾತ್ರಿ,
ಮೆಷಿನ್ನಿನ ಕೆಳಗೆ ಕಂಬಳಿ ಮಡಿಸಿಟ್ಟು,
ಪಕ್ಕದ ಮನೆಗೆ ಕೇಳಿಸದ ಹಾಗೆ,
ಯಾರೋ ಗಡಿ ದಾಟಿಸಿ ತಂದ ಪೋಲಿಷ್ ಪುಸ್ತಕವನ್ನು
ನಮ್ಮ ಭಾಷೆಗೆ ಕುಟ್ಟುತ್ತಿದ್ದಳು.
ಐದು ತೆಳು ಹಾಳೆ, ನಡುವೆ ನಾಲ್ಕು ಕಾರ್ಬನ್.
ಚೆನ್ನಾಗಿ ಮೂಡಿದ್ದೆಲ್ಲ ಊರಿಗೆ,
ಐದನೆಯದು ಮನೆಗೆ.
ಕಿಟಕಿಗೆ ಹಿಡಿದು ಓದಬೇಕು.
ಅರ್ಧ ಅಕ್ಷರ ಹಾಳೆಯಲ್ಲಿ, ಅರ್ಧ ಆಚೆಯ ಹಿಮದಲ್ಲಿ.

ಆ ಕಟ್ಟು ಎಲ್ಲಿ?
ಯಾರಿಗೋ ಕೊಟ್ಟದ್ದು. ಕೊಟ್ಟ ಪುಸ್ತಕ, ಕೊಟ್ಟ ಕೊಡೆ.

ಅಮ್ಮನಿಗೆ ಎಂಬತ್ತೊಂದು.
ಬೀಟ್‌ರೂಟ್ ಸಿಪ್ಪೆ ತೆಗೆಯುತ್ತಿದ್ದವಳು ಚಾಕು ನಿಲ್ಲಿಸಲಿಲ್ಲ.
'ಓ, ಅದಾ. ಆ ಪುಸ್ತಕದಲ್ಲಿ ಒಂದು ಹಾಳೆ ಹರಿದಿತ್ತು.
ಇನ್ನೂರ ಹತ್ತಾದ ಮೇಲೆ ಇನ್ನೂರ ಹದಿಮೂರು.
ಈಚೆ ದಡದಲ್ಲಿ ನಿಂತಿದ್ದವಳು
ಪುಟ ತಿರುವಿದರೆ ಆಚೆ ದಡದಲ್ಲಿ ಸಾಕ್ಸು ಒಣಗಿಸುತ್ತಿದ್ದಾಳೆ.
ಏನು ಮಾಡಲಿ?
ಮಗು ಅದು. ನಡುನೀರಲ್ಲಿ ಕೈಬಿಡೋಕಾಗುತ್ತಾ?'

ಅಂಬಿಗ ಏನಂದ ಅಮ್ಮ?
'ಆಚೆ ದಡಕ್ಕೆ' ಅಂತ ಶುರು, ಆಮೇಲೆ?

ಕೆಂಪು ಬೆರಳನ್ನು ಹಣೆಗೆ ಒತ್ತಿಕೊಂಡು ಯೋಚಿಸಿದಳು.
ನಿಜವಾಗಿ ಯೋಚಿಸಿದಳು. ಹಣೆಯ ಮೇಲೆ ಕೆಂಪು ಉಳಿಯಿತು.
'ಗೊತ್ತಿಲ್ಲ ಕಣೋ. ರಾತ್ರಿ ಎರಡು ಗಂಟೆ.
ಹಸಿವಾಗಿತ್ತು ಅನ್ನೋದು ನೆನಪಿದೆ.
ಅದಕ್ಕೇ ಬ್ರೆಡ್ಡು.'

ಮೂರನೆಯ ಸಂಪುಟ ಮತ್ತೆ ತೆಗೆದೆ.
ಒಂದೂವರೆ ಸಾಲಲ್ಲಿ ಓರ್ಸಾ ಸೇತುವೆ ದಾಟಿಬಿಡುತ್ತಾಳೆ.
ಗಟ್ಟಿ ಸೇತುವೆ, ಕಲ್ಲಿನದು. ದೂರುವಂಥದ್ದೇನಿಲ್ಲ.
ಕಂಬಗಳ ಕೆಳಗೆ ನೀರಿದೆಯೋ ಇಲ್ಲವೋ
ಲೇಖಕ ಹೇಳಿಲ್ಲ.

ಐದು ಪ್ರತಿ. ಒಂದೊಂದೂ ಹತ್ತು ಕೈ ದಾಟಿದ್ದರೂ ಐವತ್ತು ಜನ.
ಈಗ ಟ್ರಾಲಿಬಸ್ಸಿನಲ್ಲಿ ನನ್ನ ವಯಸ್ಸಿನವರು ಕಂಡರೆ
ಮುಖ ನೋಡುತ್ತೇನೆ, ಸ್ವಲ್ಪ ಹೆಚ್ಚೇ ಹೊತ್ತು.
ಇವರಲ್ಲೊಬ್ಬರು ನೆನ್ನೆ ರಾತ್ರಿ
ಎಡಗಡೆಯ ಪುಟಗಳನ್ನು ತಡವಿ ತಡವಿ
ಸೋತು ಮಲಗಿರಬಹುದು.
ಅವರ ಪ್ರತಿ ಮೊದಲನೆಯದಾಗಿದ್ದರೆ
ವಾಕ್ಯ ಪೂರ್ತಿ ಮೂಡಿರುತ್ತದೆ.